ಒಳಗಿನ ಕುಂಕುಮ

ಬಿಳಿಕೆರೆಯಿಂದ ಇಲವಾಲದವರೆಗೆ ಟೈಪ್‌ರೈಟರನ್ನು ತಲೆಯ ಮೇಲೆ ಹೊತ್ತು ನಡೆದ ಆ ದಾರಿಯನ್ನು ಮಹದೇವಯ್ಯನವರು ಅಂದು ಬೆಳಿಗ್ಗೆ ಬಚ್ಚಲ ಬಳಿ ನಿಂತು ಹಲ್ಲುಜ್ಜುತ್ತ, ಯಾರಿಗೂ ಹೇಳದೆ, ಮನಸ್ಸಿನಲ್ಲೇ ಇನ್ನೊಮ್ಮೆ ನಡೆದರು. ಹುಣಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಿಷನ್ನು ಅದು. ಪರೀಕ್ಷೆಗೆ ಅವರವರ ಮಿಷನ್ನನ್ನು ಅವರವರೇ ಮೈಸೂರಿಗೆ ಒಯ್ಯಬೇಕಾಗಿದ್ದ ಕಾಲ. ಗೋಣಿಚೀಲದಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟಿದ್ದರು. ಬಿಳಿಕೆರೆ ದಾಟುತ್ತಲೇ ಬಸ್ಸು ಒಂದು ಮಗ್ಗುಲಿಗೆ ವಾಲಿ ನಿಂತುಬಿಟ್ಟಿತು. ಉಳಿದವರು ಮರದ ನೆರಳು ಹುಡುಕಿ ಬೀಡಿ ಹಚ್ಚಿದರು. ಇವರು ಟವೆಲನ್ನು ಸಿಂಬಿ ಸುತ್ತಿ ನೆತ್ತಿಗಿಟ್ಟುಕೊಂಡು, ಆ ಕಬ್ಬಿಣದ ಭಾರವನ್ನು ಎತ್ತಿ ನಡೆದರು; ಇಲವಾಲದಲ್ಲಿ ಬೇರೆ ಬಸ್ಸು ಸಿಕ್ಕಿತು. ಗಾವಡಗೆರೆಯ ಆಚೆ ಗೌಡರೊಬ್ಬರ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಒಲೆಯ ಬೆಂಕಿ ನೋಡಿಕೊಳ್ಳುತ್ತಿದ್ದವನ ಮಗ. ಸೊಪ್ಪು ಪೋಣಿಸಿ ಬೆರಳಿಗೆ ಹತ್ತಿದ ಕಪ್ಪು ಅಂಟನ್ನು ಹಿಂದಿನ ದಿನವೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿಕೊಂಡಿದ್ದರು. ಇನ್‌ಸ್ಟಿಟ್ಯೂಟಿನಲ್ಲಿ ಕೂರಲು ಸಿಗುತ್ತಿದ್ದ ಹೊತ್ತು ಸಾಲದೆ, ಸೊಪ್ಪು ವಿಂಗಡಿಸುವ ಹಲಗೆಯ ಬೆನ್ನಿಗೆ ಇದ್ದಿಲಿನಿಂದ ಕೀಲಿಗಳನ್ನು ಬರೆದುಕೊಂಡು, ಸದ್ದೇ ಇಲ್ಲದ ಆ ಹಲಗೆಯ ಮೇಲೆ ಬೆರಳೋಡಿಸಿ ಕಲಿತ ವಿದ್ಯೆ. ಪರೀಕ್ಷೆಯ ಕೋಣೆಯಲ್ಲಿ ಹೊತ್ತ ತೋಳುಗಳು ನಡುಗಿ, ಕಣ್ಣಿಗೆ ಕತ್ತಲೆ ಬಂದು, ಮುಂದಿನ ಕೀಲಿಗಳು ಕಾಣದಾದವು. ಕಣ್ಣು ಮುಚ್ಚಿಕೊಂಡರು. ಹಲಗೆ ಕಂಡಿತು. ಬೆರಳು ಓಡಿದವು. ಕೇರಿಯಲ್ಲಿ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಈ ಕತೆಯನ್ನು ಬಾಯಿಬಿಟ್ಟು ಹೇಳುವುದನ್ನು ಅವರು ನಿಲ್ಲಿಸಿದ್ದರು. ನಿಲ್ಲಿಸಿದ್ದು ಪಿರಿಯಾಪಟ್ಟಣದ ನಂಟರ ಮನೆಯ ನಾಮಕರಣದ ದಿನ. ಊಟವಾಗಿ ಗಂಡಸರೆಲ್ಲ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಿಡಿದು ಕೂತಿದ್ದಾಗ, ಯಾವನೋ ಹುಡುಗ ಈಗಿನ ಪರೀಕ್ಷೆಗಳು ಬಹಳ ಕಷ್ಟವೆಂದು ಹೇಳಿದ ಮಾತು ಹಿಡಿದು, "ಬಿಳಿಕೆರೆ ದಾಟಿದ್ದೇ ತಡ" ಎಂದು ಅವರು ಗಂಟಲು ಸರಿಮಾಡಿಕೊಂಡರು. "ಬಸ್ ಕೆಟ್ಟೋಯ್ತು! ತಾತ ಸಿಂಬಿ ಸುತ್ಕಂಡ್ರು! ಮಿಷನ್ ತಲೆ ಮೇಲೆ!" ಎಂದು ಮೊಮ್ಮಗಳು ಪ್ರಿಯಾ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಷ್ಟೇ ಆಗಿದ್ದರೆ ಅವರು ನುಂಗಿಕೊಳ್ಳುತ್ತಿದ್ದರು. ಕತೆ ಹೇಳುವಾಗ ಅವರ ಎಡಗೈ ತಾನಾಗಿ ಮೇಲೆದ್ದು ಗಾಳಿಯನ್ನು ಬಲಕ್ಕೆ ತಳ್ಳುವ ಒಂದು ರೀತಿಯಿತ್ತಂತೆ, ಅವರಿಗೇ ಗೊತ್ತಿರಲಿಲ್ಲ. ಅದನ್ನೂ ಅವಳು ಮಾಡಿ ತೋರಿಸಿದಳು. ಶಾಮಿಯಾನವೇ ನಕ್ಕಿತು. ಮಹದೇವಯ್ಯನವರೂ ನಕ್ಕರು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಅವಳ ಮೇಲೆ ಕೋಪವಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ಎತ್ತಿ ಆಡಿಸಿದ ಮಗು, ಈಗ ಹುಣಸೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವವಳು, ತನ್ನ ತಾತನ ಕತೆ ತನಗೆ ಬಾಯಿಪಾಠವಾಗಿದೆ ಎಂದು ಹೆಮ್ಮೆಯಿಂದಲೇ ಹೇಳಿರಬಹುದು. ಆದರೆ ಕತೆ ಅಲ್ಲಿಗೆ ಅವರ ಕೈ ಬಿಟ್ಟುಹೋಗಿತ್ತು. ಜೀವಮಾನದಲ್ಲಿ ತನ್ನದೆಂದು ಇದ್ದ ಒಂದೇ ಒಂದು ದೊಡ್ಡ ಸಂಗತಿ ನಗುವ ವಸ್ತುವಾಗಿದೆ ಎಂದು ತಿಳಿದಮೇಲೆ ಅದನ್ನು ಹೊರಗೆ ತರುವುದು ಹೇಗೆ?

ಹಲ್ಲುಜ್ಜಿ ಒಳಗೆ ಬರುವ ಹೊತ್ತಿಗೆ ನಡುಮನೆಯಲ್ಲಿ ಗಲಾಟೆಯಾಗುತ್ತಿತ್ತು. ಪ್ರಿಯಾ ಗುಜರಿ ಅಂಗಡಿಯಿಂದ ಆಟೋದಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದಿಳಿಸಿದ್ದಳು. ಯಾವುದೋ ಕಚೇರಿ ಹೊರಗೆ ಹಾಕಿದ ಸರಕು. ಕಪ್ಪು ಪೆಟ್ಟಿಗೆಯೊಂದು, ಮೂಲೆ ಒಡೆದ ಮಾನಿಟರ್ರು, ಅಕ್ಷರ ಸವೆದ ಕೀಬೋರ್ಡು. ಮಹದೇವಯ್ಯನವರ ಮಗ, ಪ್ರಿಯಾಳ ತಂದೆ ಕಿರಣ್‌ಕುಮಾರ್, ಲೈನ್‌ಮನ್ ಕೆಲಸಕ್ಕೆ ಹೊರಟು ನಿಂತವನು, ಹೆಲ್ಮೆಟ್ ಕೈಯಲ್ಲಿ ಹಿಡಿದೇ ಅದರ ಸುತ್ತ ಒಂದು ಸುತ್ತು ಬಂದ.

"ಇದೇನವ್ವ, ಗುಜರಿ ಅಂಗ್ಡಿನ ನಮ್ಮನೇಲೇ ತೆರ್ದ್‌ಬುಟ್ಟಾ?"

"ಸುಮ್ನಿರಪ್ಪ. ಮೊಬೈಲ್ ಕಣ್ಣಿಗಿಟ್ಕಂಡು ಓದಿ ಓದಿ ತಲೆನೋವ್ ಬತ್ತದೆ. ಒಳಗೆ ಒಂದೆರಡು ಸಾಮಾನು ಬದ್ಲಾಯಿಸುದ್ರೆ ಮನೆಗೆ ಬೇಕಾದಷ್ಟಾಯ್ತದೆ. ನಿಂಗೂ ಆಯ್ತದೆ, ಅಜ್ಜಿಗೂ ಆಯ್ತದೆ."

"ನಂಗೆ ಸೀರಿಯಲ್ ಬತ್ತದೇನವ್ವ ಇದ್ರಲ್ಲಿ?" ಎಂದು ಒಳಗಿನಿಂದ ಮಹದೇವಯ್ಯನವರ ಹೆಂಡತಿ ಚಿಕ್ಕಮಾದಮ್ಮನ ದನಿ ಬಂತು.

"ಬತ್ತದೆ ಕಣಜ್ಜಿ. ನೋಡ್ದೆ ಬುಟ್ಟಿರೋವೂ ಬತ್ತವೆ."

"ಅಂಗಾದ್ರೆ ಇರ್ಲಿ ಬುಡು."

ಕಿರಣ್‌ಕುಮಾರ್ ಪೆಟ್ಟಿಗೆಯನ್ನು ಬೂಟಿನ ತುದಿಯಿಂದ ಮೆಲ್ಲಗೆ ಮುಟ್ಟಿದ. "ಭಾನುವಾರದ ತನ್ಕ ಟೈಮು. ಓಡುದ್ರೆ ಸರಿ. ಇಲ್ಲಾಂದ್ರೆ ಎಲ್ಲಿಂದ ಬಂತೋ ಅಲ್ಲಿಗೇ. ಕೆಲ್ಸಕ್ಕೆ ಬರ್ದೇ ಇರೋದ್ನೆಲ್ಲ ಮನೇಲಿ ಪೇರಿಸ್ಕಂಡು ಕೂರಕಾಯ್ತದಾ?" ಎಂದು ಹೊರಟುಹೋದ. ಅವನು ಹೇಳಿದ್ದು ಪೆಟ್ಟಿಗೆಯನ್ನೇ. ಆದರೂ ಮಹದೇವಯ್ಯನವರು ತಾವು ಕೂತಿದ್ದ ಕುರ್ಚಿಯಿಂದ ಕಾರಣವಿಲ್ಲದೆ ಎದ್ದು, ಪೇಪರನ್ನು ಮಡಿಸಿ, ಮತ್ತೆ ಬಿಡಿಸಿದರು. ಆಗಲೇ ಆ ಪೆಟ್ಟಿಗೆಯ ಪಕ್ಕ ಅವರ ಕಣ್ಣಿಗೆ ಬಿದ್ದದ್ದು. ಬಿಳಿ ಬಣ್ಣದಲ್ಲಿ ಬರೆದ, ಅವರು ಟೈಪಿಸ್ಟಾಗಿ ಸೇರಿ ನಿವೃತ್ತರಾದ ಕಚೇರಿಯ ಸಂಖ್ಯೆ, ಕನ್ನಡದ ಅಂಕಿಗಳಲ್ಲಿ. ಐದರ ಬಾಲವನ್ನು ಅಷ್ಟು ಉದ್ದ ಎಳೆದು ಕೊನೆಯಲ್ಲಿ ಒಂದಿಷ್ಟು ಮೇಲಕ್ಕೆ ತಿರುಗಿಸುವವರು ಆ ಕಚೇರಿಯಲ್ಲಿ ಒಬ್ಬರೇ ಇದ್ದರು. ತಮ್ಮ ಕೈಬರಹವನ್ನು ಮಹದೇವಯ್ಯನವರು, ಬೀದಿಯಲ್ಲಿ ಎದುರಾದ ಹಳೆಯ ಮೇಲಧಿಕಾರಿಯನ್ನು ನೋಡುವಂತೆ, ನೋಡಿದ್ದೂ ನೋಡದಂತೆ ನಿಂತು ನೋಡಿದರು.

ಆ ಪೆಟ್ಟಿಗೆ ಬಂದ ದಿನ ಕಚೇರಿಯಲ್ಲಿ ಸಿಹಿ ಹಂಚಿದ್ದರು. "ಟೈಪಿಂಗಿನಲ್ಲಿ ಹಿರಿಯರು ನೀವು, ಮೊದಲು ನೀವೇ ಕೂರಬೇಕು ಮಹದೇವಯ್ಯ" ಎಂದು ಸಾಹೇಬರೇ ಕುರ್ಚಿ ಎಳೆದುಕೊಟ್ಟರು. ಎಲ್ಲರೂ ಸುತ್ತ ನಿಂತರು. ಎಂದಿನಂತೆ ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ಅವರ ವೇಗ ಅವರಿಗೆ ಗೊತ್ತಿತ್ತು. ಹಿಂದೆ ನಿಂತವರು ಮೌನವಾದದ್ದನ್ನು ಅವರು ಬೆರಗೆಂದೇ ತಿಳಿದರು. ತಲೆಯೆತ್ತಿ ನೋಡಿದರೆ ಪರದೆಯ ತುಂಬ ಯಾವ ಭಾಷೆಯೂ ಅಲ್ಲದ ಅಕ್ಷರಗಳು, ಒತ್ತಿಗೆ ಒತ್ತು ಸಿಕ್ಕಿಕೊಂಡು, ತಲೆಕಟ್ಟು ತಪ್ಪಿ, ನೆಲಕ್ಕೆ ಚೆಲ್ಲಿದ ಕಾಳಿನಂತೆ ಬಿದ್ದಿದ್ದವು. ಹೊಸದಾಗಿ ಸೇರಿದ್ದ ಸುನೀಲ್‌ಕುಮಾರ್ ಬಾಯಿಗೆ ಕೈ ಅಡ್ಡ ಹಿಡಿದು, "ಇದರ ಕೀಲಿಗಳು ಬೇರೆ ಸಾರ್" ಎಂದ. "ಇರಲಿ ಬಿಡಿ, ಇರಲಿ ಬಿಡಿ" ಎಂದರು ಸಾಹೇಬರು. ಆ ಮಾತಿನಲ್ಲಿ ಎಳ್ಳಷ್ಟೂ ಕ್ರೌರ್ಯವಿರಲಿಲ್ಲ. ಬಿದ್ದ ಮಗುವಿಗೆ ಹೇಳುವಂತೆ ಹೇಳಿದರು. ಅದೇ ತಿಂಗಳು ಮಹದೇವಯ್ಯನವರಿಗೆ ಟಪಾಲು ಶಾಖೆಗೆ ವರ್ಗವಾಯಿತು. ಬಂದ ಕಾಗದಕ್ಕೆ ಮೊಹರು, ಹೋಗುವ ಕಾಗದಕ್ಕೆ ಅಂಟು, ವರ್ಷಕ್ಕೊಮ್ಮೆ ಮೇಜು ಕುರ್ಚಿ ಬೀರುಗಳಿಗೆ ಬಿಳಿ ಬಣ್ಣದ ಸಂಖ್ಯೆ. ಟೈಪ್‌ರೈಟರನ್ನು ಗೋಡೌನಿಗೆ ಹೊತ್ತು ಹಾಕಿದ್ದೂ ಅವರೇ. ಜವಾನ ಮುಂದೆ ಬಂದರೂ ಬಿಡಲಿಲ್ಲ.

"ತಾತ, ನಿಮ್ಮ ಹತ್ರ ಸ್ಕ್ರೂಡ್ರೈವರ್ ಇತ್ತಲ್ಲ?" ಎಂದಳು ಪ್ರಿಯಾ. ಅವರು ಕೊಟ್ಟರು. ಕೊಟ್ಟು ಹೋಗಿಬಿಡಬೇಕೆಂದುಕೊಂಡು ನಿಂತರು. ಅವಳು ಮೊದಲು ಇದ್ದ ಹಾಗೆಯೇ ವೈರು ಸಿಕ್ಕಿಸಿ ಒತ್ತಿದಳು. ಪೆಟ್ಟಿಗೆ ಮುದುಕನಂತೆ ಕೆಮ್ಮಿ, ಗುರುಗುಟ್ಟಿ ಎದ್ದಿತು. ಪರದೆಯ ಮೇಲೆ ತಾರೀಕು ಮೂಡಿತು. ಯಾವುದೋ ಹಿಂದಿನ ವರ್ಷದ ಜನವರಿ ಒಂದು. ತುಸು ಹೊತ್ತು ಓಡಿದ ಹಾಗೆ ಮಾಡಿ, ಬಿಸಿಯಾಗಿ, ತಾನಾಗಿಯೇ ಆರಿತು. ಮತ್ತೆ ಒತ್ತಿದಳು. ಮತ್ತೆ ಅದೇ ಜನವರಿ ಒಂದು, ಮತ್ತೆ ಅದೇ ಗುರುಗುಟ್ಟುವಿಕೆ, ಮತ್ತೆ ಕತ್ತಲೆ.

"ಇದಕ್ಕೆ ಪ್ರತಿಸಲವೂ ಅದೇ ದಿನವೇಕೆ ಬರುತ್ತದೆ?" ಅವರು ಕೇಳಿಯೇಬಿಟ್ಟರು.

"ಒಳಗೊಂದು ಬಟನ್ ಸೆಲ್ ಇರ್ತದೆ ತಾತ, ವಾಚಿಗಾಕ್ತಾರಲ್ಲ ಅಂಥದು. ಅದು ಸತ್ತೋದ್ರೆ ಪಾಪ ಇದ್ಕೆ ಇವತ್ತು ಯಾವ ದಿನ ಅಂತ ಗೊತ್ತಾಗಲ್ಲ. ಎದ್ದಾಗ್ಲೆಲ್ಲ ಹಳೇದೇ ಸುರು ಮಾಡ್ತದೆ."

ಅವಳು ನಗುತ್ತ ಹೇಳಿದ್ದಳು, ತಲೆಯನ್ನು ಪೆಟ್ಟಿಗೆಯ ಹಿಂದೆ ತೂರಿಸಿಕೊಂಡು. ಮಹದೇವಯ್ಯನವರು ಕಿಟಕಿಯಾಚೆ ಹಾದುಹೋಗುತ್ತಿದ್ದ ಬೈಲಕುಪ್ಪೆಯ ಬಸ್ಸನ್ನು, ಅದರ ಕಿಟಕಿಯಲ್ಲಿ ಕೂತಿದ್ದ ಕೆಂಪು ನಿಲುವಂಗಿಯ ಎಳೆಯ ಟಿಬೆಟನ್ ಸನ್ಯಾಸಿಯೊಬ್ಬನನ್ನು ಅನಗತ್ಯ ಗಮನದಿಂದ ನೋಡಿದರು. ಪಾಪ ಎಂದಳಲ್ಲ. ಅದು ಸಾಕೆನಿಸಿತು, ಸಾಲದೆಂದೂ ಅನಿಸಿತು. ಎದ್ದಾಗಲೆಲ್ಲ ಹಳೆಯದನ್ನೇ ಶುರುಮಾಡುವ ವಸ್ತುವನ್ನು ಭಾನುವಾರ ಗುಜರಿಗೆ ಹಾಕುತ್ತಾರೆ. ಹಾಗಾಗಬಾರದೆಂಬ ಆಸೆ, ಅದೂ ಈ ಪೆಟ್ಟಿಗೆಯ ವಿಷಯದಲ್ಲಿ, ತಮ್ಮೊಳಗೆ ಎಲ್ಲಿಂದ ಹುಟ್ಟಿತೆಂದು ಅವರಿಗೆ ಆಶ್ಚರ್ಯವಾಯಿತು. ಪಂಚೆಯನ್ನು ಮೇಲೆತ್ತಿ ಕಟ್ಟಿ ನೆಲದ ಮೇಲೆ ಕೂತರು.

ಪಕ್ಕದ ತಗಡು ಕಳಚಿದಾಗ ಪ್ರಿಯಾ "ಅಯ್ಯೋ!" ಎಂದು ಹಿಂದೆ ಸರಿದಳು. ಒಳಗೆಲ್ಲ ಕೆಂಪು. ಫ್ಯಾನಿನ ರೆಕ್ಕೆಗಳಿಗೆ, ಅದರ ಕೆಳಗಿನ ಲೋಹದ ಪದರಗಳ ಸಂದಿಗೆ, ಕುಂಕುಮವೂ ವಿಭೂತಿಯೂ ಧೂಳಿನೊಡನೆ ಕಲೆತು ಕಂಬಳಿಯಂತೆ ಮೆತ್ತಿಕೊಂಡಿದ್ದವು. ಮೂಲೆಯಲ್ಲಿ ಒಣಗಿ ಹುಡಿಯಾದ ಚೆಂಡುಹೂವಿನ ದಳಗಳು. ಅವಳು ಬೆರಳು ಸೋಕಿಸಿ ನೋಡಿದಳು; ತುದಿ ಕೆಂಪಾಯಿತು.

"ಉಸ್ರಾಡಕ್ಕೂ ಜಾಗ ಇಲ್ವಲ್ಲ ಇದ್ಕೆ! ಯಾರ್ ತಾತ ಈ ಪಾಟಿ ಕುಂಕುಮ ಸುರಿದಿರೋರು?"

"ಭಕ್ತರು ಇದ್ದರು ಕಣವ್ವ" ಎಂದರು ಮಹದೇವಯ್ಯನವರು.

ಕಾಫಿ ತಂದ ಚಿಕ್ಕಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು. ನೋಡಿದ್ದೇ ನಕ್ಕರು. "ಯಾವ ಭಕ್ತರು? ನಿಮ್ ತಾತನೇ ಕಣವ್ವ. ಆಯುಧಪೂಜೆ ಬಂತೂ ಅಂದ್ರೆ ಮನೆಯಿಂದ ಡಬ್ಬಿ ತುಂಬ ಕುಂಕುಮ ಒಯ್ಯೋರು, ಬರಿ ಡಬ್ಬಿ ತರೋರು. ನಾನು ಕಚೇರೀಲಿ ಯಾರೋ ಹೆಣ್ದೇವ್ರು ಅವ್ಳೆ ಅಂದ್ಕಂಡಿದ್ದೆ. ಇದುನ್ನ ಸಾಕ್ತಿದ್ರಾ?"

ಪ್ರಿಯಾ ನೆಲದ ಮೇಲೆ ಉರುಳಾಡಿ ನಕ್ಕಳು. ಅವರೂ ನಕ್ಕರು. ಆ ನಗುವಿನ ಅಡಿಯಲ್ಲಿ ಒಂದು ದೃಶ್ಯ ನಗದೆ ಕೂತಿತ್ತು. ಕಚೇರಿಯಲ್ಲಿ ಪೂಜೆಯ ಕ್ರಮ ಬಲ್ಲವರು ಬೇರೆ ಯಾರೂ ಇಲ್ಲವೆಂದು ಆ ಕೆಲಸ ಟಪಾಲು ಶಾಖೆಗೇ ಬಿದ್ದಿತ್ತು. ಪೆಟ್ಟಿಗೆಯ ನೆತ್ತಿಯ ಸೀಳುಗಳ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸೀಳಿಗೆ ಸಿಕ್ಕಿಸಿದ ಹೂವು, ಮುಂದೆ ಲೋಬಾನದ ಹೊಗೆ. "ಸಾಕು ಸಾರ್, ಒಳಗೆ ಹೋಗ್ತದೆ" ಎಂದಿದ್ದ ಸುನೀಲ್‌ಕುಮಾರ್ ಒಂದು ವರ್ಷ. ಅವರಿಗೆ ಕೇಳಿಸಿತ್ತು. ಕೇಳಿಸಿದ ಮೇಲೆ ಮತ್ತೊಂದು ಚಿಟಿಕೆ ಹಾಕಿದ್ದರು. ಆ ಒಂದು ಚಿಟಿಕೆ ಭಕ್ತಿಯೋ, ಹಗೆಯೋ? ಕೈಮುಗಿದು ಕಣ್ಣು ಮುಚ್ಚಿದಾಗ ಮನಸ್ಸಿನಲ್ಲಿ ಇದ್ದದ್ದು ದೇವರೆಂದು ಅವರು ಇಷ್ಟು ಕಾಲ ನಂಬಿದ್ದರು. ಈಗ ಎದುರಿಗೆ, ಕಾಫಿಯ ಲೋಟದ ಪಕ್ಕ, ಆ ಚಿಟಿಕೆ ಇನ್ನೂ ಹಾಗೇ ಇತ್ತು, ಬಣ್ಣ ಸ್ವಲ್ಪವೂ ಮಾಸದೆ. ಉಸಿರು ಕಟ್ಟಿ ಕಟ್ಟಿ ಕಡೆಗೆ ಈ ಯಂತ್ರವೂ ಕೆಲಸಕ್ಕೆ ಬಾರದ್ದೆನಿಸಿಕೊಂಡು ಹೊರಗೆ ಬಿದ್ದಿತು. ತಮ್ಮ ಹಾಗೆ. ಇಬ್ಬರನ್ನೂ "ಇರಲಿ ಬಿಡಿ" ಎಂದೇ ಕಳಿಸಿದರೇನೋ. ಹಗೆಯೇ ಆಗಿದ್ದರೂ ಅದಕ್ಕೆ ಇನ್ನು ಎದುರಾಳಿ ಉಳಿದಿರಲಿಲ್ಲ. ನೆಲದ ಮೇಲೆ ಬಾಯ್ತೆರೆದು ಕೂತ ಈ ಪ್ರಾಣಿಯನ್ನು ನೋಡಿದರೆ, ಜ್ವರದ ಮಗುವಿನ ಅಂಗಿ ಬಿಚ್ಚಿದಾಗ ಆಗುವಂಥದ್ದೇ ಏನೋ ಆಗುತ್ತಿತ್ತು.

"ತಡಿ" ಎಂದು ಎದ್ದು ಬೀರುವಿನ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಹಳೆಯ ರಿಬ್ಬನ್ನಿನ ಡಬ್ಬಿಯ ಪಕ್ಕ ಅವರ ಬ್ರಷ್ಷು ಇತ್ತು. ಮಿಷನ್ನಿನ ಅಚ್ಚುಗಳನ್ನು ದಿನವೂ ಬೆಳಿಗ್ಗೆ ಒರೆಸದೆ ಮೊದಲ ಕಾಗದ ಏರಿಸಿದವರಲ್ಲ ಅವರು. ಕ ಗ ಮ ಗಳ ಹೊಟ್ಟೆಯಲ್ಲಿ ಕೂತ ಮಸಿಯನ್ನು ಆ ಬ್ರಷ್ಷೇ ತೆಗೆಯುತ್ತಿತ್ತು. ಪ್ರಿಯಾ ಫ್ಯಾನನ್ನು ಬಿಚ್ಚಿಕೊಟ್ಟಳು. ಅವರು ಒಂದೊಂದೇ ರೆಕ್ಕೆಯನ್ನು ಬೆರಳಲ್ಲಿ ಹಿಡಿದು, ಒಳಗಿನಿಂದ ಹೊರಕ್ಕೆ, ಅವಸರವಿಲ್ಲದೆ ಒರೆಸಿದರು. ಅವಳು ಲೋಹದ ಸಂದಿಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದಾಗ ಕೆಂಪು ಧೂಳೆದ್ದು ಇಬ್ಬರ ಮುಖಕ್ಕೂ ಬಡಿಯಿತು.

"ಮೈಸೂರು ದಸರಾ ಆನೆ ಕಂಡಂಗ್ ಕಾಣ್ತೀರಿ ತಾತ."

"ನೀನು ಮರಿ ಆನೆ. ಗಾಳಿ ಮೆತ್ತಗೆ ಹೊಡಿ. ಒತ್ತಿದರೆ ನೋಯುತ್ತದೆ ಅದಕ್ಕೆ."

"ನೋಯ್ತದಾ?" ಎಂದು ಅವಳು ಹುಬ್ಬೇರಿಸಿದಳು, ಆದರೆ ಮೆತ್ತಗೆ ಹೊಡೆದಳು. ರ‍್ಯಾಮಿನ ಚಿಕ್ಕ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜಬೇಕೆಂದು ತೋರಿಸಿದಳು. ಅವರು ಉಜ್ಜಿದರು. ಫ್ಯಾನಿನ ಅಡಿಗೆ ಬಿಳಿಯ ಮುಲಾಮಿನಂಥದ್ದನ್ನು ಹಚ್ಚಿ ಕೂರಿಸಿದಳು. ಹಳೆಯ ಹಾರ್ಡ್‌ಡಿಸ್ಕಿನ ಬದಲು ಬಿಲ್ಲೆಯಷ್ಟು ಹಗುರವಾದ ಹೊಸದೊಂದನ್ನು ಸಿಕ್ಕಿಸಿದಳು. ಅದು ಬಂದರೆ ಮುದುಕ ಓಡುವ ಹಾಗಾಗುತ್ತಾನೆ ಎಂದಳು. ವಾಚಿನ ಅಂಗಡಿಗೆ ತಾವೇ ನಡೆದು ಹೋಗಿ ಬಟನ್ ಸೆಲ್ ತಂದವರು ಮಹದೇವಯ್ಯನವರು. ತಮ್ಮ ಕೈಯಿಂದಲೇ ಅದನ್ನು ಅದರ ಗೂಡಿನಲ್ಲಿ ಒತ್ತಿದರು. ಕಟ್ಟೆಂದು ಕೂತಿತು.

ಭಾನುವಾರ ಕಿರಣ್‌ಕುಮಾರ್ ಮನೆಯಲ್ಲೇ ಇದ್ದ. ಮೀನು ತಂದು ಕೊಟ್ಟು, ಬಾಗಿಲಿಗೆ ಒರಗಿ ನಿಂತು, "ಸುರು ಮಾಡ್ರವ್ವ ನಿಮ್ ಸರ್ಕಸ್ಸ" ಎಂದ. ಪ್ರಿಯಾ ಒತ್ತಿದಳು. ಕೆಮ್ಮಲಿಲ್ಲ. ಗುರುಗುಟ್ಟಲಿಲ್ಲ. ಮಲಗಿದ ಮಗು ಉಸಿರಾಡುವಷ್ಟೇ ಸದ್ದು. ಪರದೆ ಬೆಳಗಿ ಮೂಲೆಯಲ್ಲಿ ಆ ದಿನದ ತಾರೀಕು, ಆ ಹೊತ್ತಿನ ಗಂಟೆ ಮೂಡಿದವು. ಎಲ್ಲರೂ ಕಾದರು. ಒಗ್ಗರಣೆಯ ವಾಸನೆ ಬಂತು. ಪೆಟ್ಟಿಗೆ ಆರಲಿಲ್ಲ. ಮಹದೇವಯ್ಯನವರು ಅದರ ನೆತ್ತಿಯ ಮೇಲೆ ಅಂಗೈಯಿಟ್ಟು ನೋಡಿದರು, ತಣ್ಣಗಿತ್ತು.

"ಪರ್ವಾಗಿಲ್ವಲ್ಲ" ಎಂದ ಕಿರಣ್‌ಕುಮಾರ್. ಅವನ ಬಾಯಲ್ಲಿ ಅದು ದೊಡ್ಡ ಮಾತು. ಚಿಕ್ಕಮಾದಮ್ಮ ಕೈ ತೊಳೆದು ಕುಂಕುಮದ ಬಟ್ಟಲು ಹಿಡಿದು ಬಂದರು. "ಅಜ್ಜೀ, ಒಳಕ್ಕೆ ಬೇಡ!" ಎಂದು ಪ್ರಿಯಾ ಕೂಗಿದಳು. "ನಾನೇನ್ ನಿಮ್ ತಾತನಾ? ಹಣೆಗೆ ಇಕ್ತೀನಿ ಕಣೇ" ಎಂದು ಅವರು ಪೆಟ್ಟಿಗೆಯ ಮುಂಭಾಗದಲ್ಲಿ, ಸೀಳಿಲ್ಲದ ಜಾಗ ನೋಡಿ, ಸಾಸಿವೆಯಷ್ಟು ಬೊಟ್ಟಿಟ್ಟರು.

ಅವರವರು ಅವರವರ ಕೆಲಸಕ್ಕೆ ಹೋದಮೇಲೆ ಪ್ರಿಯಾ ಕೀಬೋರ್ಡನ್ನು ತಾತನ ಮುಂದೆ ಸರಿಸಿದಳು. "ಮೊದ್ಲು ನೀವೇ ಕೂತ್ಕಳಿ ತಾತ. ಏನಾರ ಬರೀರಿ." ಅದೇ ಮಾತು. ಮಹದೇವಯ್ಯನವರಿಗೆ ಬೇಡವೆನ್ನಬೇಕೆನಿಸಿತು; ಅವಳು ಆಗಲೇ ಕುರ್ಚಿಗೆ ದಿಂಬು ಹಾಕಿದ್ದಳು. ಕೂತರು. ಸವೆದ ಕೀಲಿಗಳ ಮೇಲೆ ಬೆರಳು ತಾವಾಗಿ ತಮ್ಮ ಜಾಗ ಹುಡುಕಿಕೊಂಡವು. ಒಂದು ಸಾಲು ಹೊಡೆದರು. ಪರದೆಯನ್ನು ನೋಡುವ ಮೊದಲೇ ಅವರಿಗೆ ತಿಳಿದಿತ್ತು. ನೆಲಕ್ಕೆ ಚೆಲ್ಲಿದ ಕಾಳು. ಈ ಸಲ ಹಿಂದೆ ನಿಂತವಳು ಒಬ್ಬಳೇ. ಆದರೆ ಆ ಒಬ್ಬಳು ಇಡೀ ಕಚೇರಿಗಿಂತ ಹೆಚ್ಚು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಅಲ್ಲದಂತೆ, "ಹಲಗೆಯ ಮೇಲೆ ‘ಕ’ ಅಲ್ಲಿರಲಿಲ್ಲ" ಎಂದರು.

"ಹಲ್ಗೆನಾ?" ಪ್ರಿಯಾ ಬಗ್ಗಿ ಅವರ ಮುಖ ನೋಡಿದಳು. "ಸೊಪ್ಪಿನ ಹಲ್ಗೆ? ನಿಜ್ವಾಗ್ಲೂ ಇತ್ತಾ ತಾತ ಅದು? ಕತೆಗೆ ಅಂತ ನೀವೇ ಸೇರಿಸ್ಕಂಡಿರ್ಬೇಕು ಅಂದ್ಕಂಡಿದ್ದೆ."

ಅವಳು ಪಕ್ಕದಿಂದ ಕೈ ಚಾಚಿ ಏನೇನೋ ತೆರೆದಳು, ಮುಚ್ಚಿದಳು, ಒಂದು ಸಾಲನ್ನು ಆರಿಸಿದಳು. "ತಡೀರಿ. ಇದ್ರಲ್ಲೇ ಅದೆ. ಹಳೇ ಟೈಪ್‌ರೈಟರ್ ಕೀಲಿ ಅಂತ ಬೇರೆನೇ ಕೊಟ್ಟವ್ರೆ. ಈಗ ಹೊಡೀರಿ."

"ಆಗಲೂ ಇತ್ತೇ?"

"ಯಾವಾಗ?"

"ಇದು ಕಚೇರಿಗೆ ಬಂದಾಗ."

"ಇದ್ರೂ ಇದ್ದಿರ್ಬೋದು ತಾತ. ಯಾರೂ ಹುಡುಕಿರಲ್ಲ."

ಯಾರೂ ಹುಡುಕಿರಲಿಲ್ಲ. ತಾವೂ ಕೇಳಿರಲಿಲ್ಲ. ಕೇಳುವುದಕ್ಕೆ ಬದಲು ಕುಂಕುಮ ಹಾಕಿದ್ದರು. ಮಹದೇವಯ್ಯನವರು ಕಣ್ಣು ಮುಚ್ಚಿಕೊಂಡರು. ಹಲಗೆ ಕಂಡಿತು, ಇದ್ದಿಲಿನ ಗೆರೆಗಳು, ಬೆವರಿಗೆ ಅಳಿಸಿ ಮತ್ತೆ ಮತ್ತೆ ತಿದ್ದಿದ ಅಕ್ಷರಗಳು, ಬ್ಯಾರನ್ನಿನ ಬಾಗಿಲಿಂದ ಬರುವ ಹದವಾದ ಸೊಪ್ಪಿನ ವಾಸನೆ. ಬೆರಳು ಹೊರಟವು. ಮೊದಲು ಅನುಮಾನದಿಂದ, ಆಮೇಲೆ ಒಂದರ ಹಿಂದೊಂದು, ಆಮೇಲೆ ಯಾವುದು ಮೊದಲು ಯಾವುದು ಹಿಂದೆಂದು ತಿಳಿಯದಂತೆ. ಏನು ಬರೆಯಬೇಕೆಂದು ಅವರು ಯೋಚಿಸಿರಲಿಲ್ಲ. ಬೆರಳಿಗೆ ಗೊತ್ತಿದ್ದದ್ದನ್ನೇ ಅವು ಬರೆದವು. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ. ಸಾಲು ಮುಗಿಯಿತೆಂದು ಬೆರಳಿಗೆ ತಿಳಿಯಿತು. ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಒಂದು ಹಿಡಿಕೆಯನ್ನು ಹಿಡಿದು, ಗಾಳಿಯನ್ನು ಬಲಕ್ಕೆ ತಳ್ಳಿತು.

ಕಣ್ಣು ತೆರೆದರು. ಪರದೆಯ ಮೇಲೆ ಕನ್ನಡ ಇತ್ತು, ಒಂದು ಒತ್ತೂ ತಪ್ಪದೆ. ಪ್ರಿಯಾ ಪರದೆಯನ್ನು ನೋಡುತ್ತಿರಲಿಲ್ಲ. ಗಾಳಿಯಲ್ಲಿ ಇನ್ನೂ ಇಳಿಯದೆ ನಿಂತಿದ್ದ ಅವರ ಕೈಯನ್ನು ನೋಡುತ್ತಿದ್ದಳು.

"ಸಾಲು ಮುಗಿದರೆ ಮಿಷನ್ನಿನಲ್ಲಿ ಕಾಗದ ಹೊತ್ತ ಗಾಡಿಯನ್ನು ಹಿಡಿಕೆ ಹಿಡಿದು ಬಲಕ್ಕೆ ತಳ್ಳಬೇಕಾಗಿತ್ತು ಕಣವ್ವ" ಎಂದರು, ಕೈ ಕೆಳಗಿಳಿಸುತ್ತ. "ರೂಢಿ."

"ಕತೆ ಹೇಳೋವಾಗ್ಲೂ ಇದ್ನೇ ಮಾಡ್ತಿದ್ರಿ" ಎಂದಳು ಅವಳು ಮೆಲ್ಲಗೆ. "ನಾವು ಸುಮ್ನೆ ಕೈ ಬೀಸ್ತೀರಿ ಅಂದ್ಕಂಡಿದ್ವಿ. ಒಂದೊಂದ್ ಸಾಲು ಮುಗ್ದಾಗ..." ಸ್ಟೂಲೊಂದನ್ನು ಕಾಲಿನಿಂದ ಎಳೆದುಕೊಂಡು ಅವರ ಮೊಣಕೈಗೆ ತಗಲುವಷ್ಟು ಹತ್ತಿರ ಕೂತಳು. ಅವಳ ಉಗುರಿನ ಸಂದಿಯಲ್ಲಿ ಕುಂಕುಮ ಇನ್ನೂ ಉಳಿದಿತ್ತು.

"ತಾತ, ಬಿಳಿಕೆರೆ ದಾಟಿದ್ದೇ ತಡ..."

"ನಿನಗೆ ಗೊತ್ತಲ್ಲವ್ವ."

"ಗೊತ್ತಿಲ್ಲ ಕಣ್ ತಾತ. ಇನ್ನೊಂದ್ ಸಲ ಹೇಳಿ. ಹಲ್ಗೆಯಿಂದ ಸುರು ಮಾಡಿ."